ಗೇಟಿನಲ್ಲಿ ನಿಂತ ಲೆಕ್ಕದ ಟೀಚರ್

(ಶಿಕ್ಷಕರ ದಿನದ ವಾರ ನಮ್ಮೂರಿನ ಚರ್ಚ್ ಹಾಲ್‌ನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಅಲ್ಲಲ್ಲಿ ಹಳಿ ತಪ್ಪಿದ್ದೆ. ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಟೀಚರ್‌ಗಳೇ ಇದ್ದೀರಿ. ಹಾಗಾಗಿ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಬೆಳಗ್ಗೆ ಹಾಜರಿ ಕೂಗುತ್ತೀರಲ್ಲ, "ಎಸ್ ಮಿಸ್" ಅಂದ ಮಕ್ಕಳಲ್ಲಿ ಎಷ್ಟು ಜನ ಸಂಜೆವರೆಗೆ ನೆನಪಿರುತ್ತಾರೆ? ಯಾರೂ ಇರುವುದಿಲ್ಲ. ಉತ್ತರ ಬರದ ಒಂದು ಹೆಸರು ಇರುತ್ತದೆ ನೋಡಿ, ಅದು ಮಾತ್ರ ಇಡೀ ದಿನ ತಲೆಯಲ್ಲಿ ಕೂತಿರುತ್ತದೆ. ಜ್ವರವೋ? ಫೀಸು ಕಟ್ಟಿಲ್ಲ ಅಂತ ಮನೆಯಲ್ಲೇ ಉಳಿದಳೋ? ಇದು ಟೀಚರ್‌ಗಳ ಕಾಯಿಲೆ. ಬಂದವರು ಲೆಕ್ಕಕ್ಕಿಲ್ಲ, ಬಾರದವರದ್ದೇ ಲೆಕ್ಕ.

ನಾನು ಇವತ್ತು ಹೇಳುವ ಹೆಂಗಸಿಗೂ ಈ ಕಾಯಿಲೆ ಇತ್ತು. ಅವರ ಹೆಸರು ಮಿನ್ನಿ ವಾಟ್ರಿನ್. ನನ್ನ ಹಾಗೆ ಲೆಕ್ಕದ ಟೀಚರ್ ಆಗಿ ಶುರು ಮಾಡಿದವರು. ನನ್ನ ಹಾಗೆ ಅಂದೆ, ಅಷ್ಟಕ್ಕೇ. ಮುಂದಿನದ್ದರಲ್ಲಿ ಅವರೆಲ್ಲಿ, ನಾನೆಲ್ಲಿ.

ಹುಟ್ಟಿದ್ದು 1886ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸೀಕೊರ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಫ್ರಾನ್ಸ್‌ನಿಂದ ಬಂದು ನೆಲೆಸಿದ ಕಮ್ಮಾರ. ಮಿನ್ನಿಗೆ 6 ವರ್ಷವಾದಾಗ ಅಮ್ಮ ತೀರಿಕೊಂಡರು. ಕೆಲವು ವರ್ಷ ಮಗು ಬೇರೆಯವರ ಮನೆಗಳಲ್ಲಿ ಬೆಳೆಯಿತು. ಆಮೇಲೆ ಅಪ್ಪನ ಬಳಿ ಬಂತು. ದುಡಿದುಕೊಂಡೇ ಓದಿದರು. ಶಿಕ್ಷಕರ ತರಬೇತಿ ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದರು. ಮತ್ತೆ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಿಗ್ರಿ ಮಾಡಿದರು. 1912ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೊರಟರು. ಹೆಫೆ ಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದರು. ಒಮ್ಮೆ ಊರಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ವಿಷಯದಲ್ಲಿ ಎಂ.ಎ. ಮಾಡಿಕೊಂಡು ವಾಪಸ್ ಬಂದರು. 1919ರಲ್ಲಿ ನಾನ್‌ಜಿಂಗ್‌ನ ಜಿನ್‌ಲಿಂಗ್ ಮಹಿಳಾ ಕಾಲೇಜು ಸೇರಿದರು. ಜಿನ್‌ಲಿಂಗ್ ಅನ್ನುವುದು ನಾನ್‌ಜಿಂಗ್ ಊರಿನದ್ದೇ ಹಳೆಯ ಹೆಸರು. ವಿದ್ಯಾರ್ಥಿನಿಯರು ಅವರನ್ನು "ಹ್ವಾ ಷಿಯಾವೊಜಿಯೆ" ಅಂತಿದ್ದರು. ನಮ್ಮಲ್ಲಿ "ಹ್ವಾ ಮಿಸ್" ಅಂದ ಹಾಗೆ.

ಆ ಕಾಲೇಜಿನ ಬಗ್ಗೆ ಒಂದು ಮಾತು. ಅದು ಶುರುವಾದದ್ದು 1915ರಲ್ಲಿ. 1919ರಲ್ಲಿ ಮೊದಲ ಬ್ಯಾಚ್ ಹೊರಬಂತು. ಆ ಬ್ಯಾಚಿನಲ್ಲಿದ್ದವರು 5 ಜನ. ಅವರಲ್ಲೊಬ್ಬರು ವೂ ಯಿಫಾಂಗ್. 9 ವರ್ಷದ ನಂತರ ಅವರೇ ಆ ಕಾಲೇಜಿನ ಮುಖ್ಯಸ್ಥೆಯಾದರು. ಹೆಣ್ಣುಮಕ್ಕಳನ್ನು ಓದಿಸಿ ಅಂದರೆ ಏನಾಗುತ್ತದೆ ಎಂದು ಕೇಳುವವರಿಗೆ ಉತ್ತರ ಅಲ್ಲೇ ಇದೆ.

ಮಿನ್ನಿ ಅಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಅವರಿಗೆ ಒಂದು ವಿಷಯ ಸರಿ ಕಾಣುತ್ತಿರಲಿಲ್ಲ. ಕಾಲೇಜಿನ ಒಳಗೆ ಚೆಂದದ ಕಟ್ಟಡ, ಹುಲ್ಲುಹಾಸು, ಹೂತೋಟ. ಕಾಂಪೌಂಡಿನ ಆಚೆ ಬಡವರ ಮನೆಗಳು. ಒಳಗಿನ ಹುಡುಗಿಯರಿಗೆ ಹೊರಗಿನವರ ಬದುಕೇ ಗೊತ್ತಿಲ್ಲ. ಅದಕ್ಕೆ ಅಕ್ಕಪಕ್ಕದ ಮಕ್ಕಳಿಗೆ ಒಂದು ಶಾಲೆ ನಡೆಸಿದರು. ಕಾಲೇಜಿನ ಹುಡುಗಿಯರನ್ನೇ ಪಾಠ ಮಾಡಲು ಕಳಿಸಿದರು. ನೆರೆಮನೆಗಳಿಗೆ ತಾವೂ ಹೋಗಿ ಬರುತ್ತಿದ್ದರು. ಇದು ದೊಡ್ಡ ಸುದ್ದಿಯಾಗುವಂಥ ಕೆಲಸ ಅಲ್ಲ. ಆದರೆ ನನಗೆ ಅವರ ಕಥೆಯ ಬೇರು ಇಲ್ಲೇ ಕಾಣುತ್ತದೆ. ಮುಂದೆ 1937ರಲ್ಲಿ ಆ ಗೇಟು ತೆರೆದಾಗ ಜನ ಹೆದರದೆ ಒಳಗೆ ಬಂದರು. ಯಾಕೆ ಅಂದರೆ, ಗೇಟು ಅವರಿಗೆ ಹೊಸದಾಗಿರಲಿಲ್ಲ.

ಇನ್ನೊಂದು ವಿಷಯ. ಜಿನ್‌ಲಿಂಗ್‌ನ ಧ್ಯೇಯವಾಕ್ಯ "ಸಮೃದ್ಧ ಜೀವ" ಅಂತ. ಯೋಹಾನನ ಸುವಾರ್ತೆ 10ನೇ ಅಧ್ಯಾಯದ 10ನೇ ವಚನದಿಂದ ತೆಗೆದದ್ದು. ಮನೆಗೆ ಹೋಗಿ ಆ ಇಡೀ ಅಧ್ಯಾಯ ಓದಿ ನೋಡಿ. ನಾವು 10ನೇ ವಚನ ಮಾತ್ರ ಕ್ಯಾಲೆಂಡರಿನಲ್ಲಿ ಹಾಕಿಸುತ್ತೇವೆ. ಅದರ ಹಿಂದಿನ ವಚನದಲ್ಲಿ "ನಾನೇ ಬಾಗಿಲು" ಅಂತ ಇದೆ. ಎರಡು ವಚನ ಮುಂದೆ ಹೋದರೆ, ತೋಳ ಬರುವುದನ್ನು ಕಂಡು ಕುರಿಗಳನ್ನು ಬಿಟ್ಟು ಓಡಿಹೋಗುವ ಕೂಲಿಯಾಳು ಇದ್ದಾನೆ. ಬಾಗಿಲು, ತೋಳ, ಓಡಿಹೋಗುವ ಆಳು. ಈ ಮೂರರ ನಡುವೆ ಆ ಸಮೃದ್ಧ ಜೀವ ಕೂತಿದೆ. ಮಿನ್ನಿಗೆ ಅಧ್ಯಾಯ ಪೂರ್ತಿ ಅರ್ಥವಾಗಿತ್ತು ಅಂತ ನನ್ನ ಅನಿಸಿಕೆ.

ತೋಳ ಬಂದದ್ದು 1937ರಲ್ಲಿ. ಜುಲೈಯಲ್ಲಿ ಜಪಾನ್ ಮತ್ತು ಚೀನಾ ನಡುವೆ ಯುದ್ಧ ಶುರುವಾಯಿತು. ಆಗಸ್ಟ್‌ನಲ್ಲಿ ನಾನ್‌ಜಿಂಗ್ ಮೇಲೆ ಬಾಂಬ್ ಬಿತ್ತು. ಆಗ ಅದು ಚೀನಾದ ರಾಜಧಾನಿ. ಸರ್ಕಾರ ಊರು ಬಿಟ್ಟಿತು. ಕಾಲೇಜು ಕೂಡ ದೂರದ ಚೆಂಗ್ಡುವಿಗೆ ಹೋಯಿತು. ಅಮೆರಿಕದವರೆಲ್ಲ ಹೊರಡಿ ಎಂದು ಅವರ ರಾಯಭಾರ ಕಚೇರಿ ಮತ್ತೆ ಮತ್ತೆ ಹೇಳಿತು. ಮಿನ್ನಿ ಒಪ್ಪಲಿಲ್ಲ. ಹಡಗು ಅಪಾಯದಲ್ಲಿದ್ದಾಗ ಗಂಡಸರು ಅದನ್ನು ಬಿಟ್ಟು ಹೋಗಬೇಕು ಅಂತ ಯಾರೂ ಹೇಳುವುದಿಲ್ಲ, ಹಾಗಾದರೆ ಹೆಂಗಸರಿಗೆ ಮಕ್ಕಳನ್ನು ಬಿಟ್ಟು ಹೋಗಿ ಅಂತ ಯಾಕೆ ಹೇಳಬೇಕು ಅನ್ನುವುದು ಅವರ ವಾದ. ಉಳಿದ ವಿದೇಶಿಯರಲ್ಲಿ ಕೆಲವರು ಪನಾಯ್ ಅನ್ನುವ ಅಮೆರಿಕನ್ ಯುದ್ಧದೋಣಿ ಹತ್ತಿದರು. ಡಿಸೆಂಬರ್ 12ರಂದು ಜಪಾನಿ ವಿಮಾನಗಳು ಆ ದೋಣಿಯನ್ನೇ ಮುಳುಗಿಸಿದವು. ಸುರಕ್ಷಿತ ಅಂದುಕೊಂಡದ್ದು ಯಾವಾಗಲೂ ಸುರಕ್ಷಿತ ಅಲ್ಲ, ಅಲ್ವಾ?

ಊರಿನಲ್ಲಿ ಉಳಿದ 20 ಚಿಲ್ಲರೆ ವಿದೇಶಿಯರು ಸೇರಿ ಒಂದು "ಸುರಕ್ಷತಾ ವಲಯ" ಗುರುತಿಸಿದರು. 4 ಚದರ ಕಿಲೋಮೀಟರಿಗೂ ಕಡಿಮೆ ಜಾಗ. ಅದರ ಸಮಿತಿಗೆ ಅಧ್ಯಕ್ಷರಾದವರು ಜಾನ್ ರಾಬೆ, ಸೀಮೆನ್ಸ್ ಕಂಪನಿಯ ಜರ್ಮನ್. ವಿಚಿತ್ರ ಅಂದರೆ ಅವರು ನಾಜಿ ಪಕ್ಷದ ಸದಸ್ಯ. ಅವರ ಕಥೆಯೇ ಇನ್ನೊಂದು ಭಾಷಣವಾಗುತ್ತದೆ, ಅದಕ್ಕೆ ಕೈ ಹಾಕುವುದಿಲ್ಲ. ಆ ವಲಯದಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ ತುಂಬಿದರು. ಒಳಗೆ 25 ಶಿಬಿರಗಳು. ಹೆಂಗಸರು ಮತ್ತು ಮಕ್ಕಳಿಗೆ ಅಂತ ಇಟ್ಟ ಶಿಬಿರ ಜಿನ್‌ಲಿಂಗ್ ಕಾಲೇಜು.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾವು ಕೆಲವು ಟೀಚರ್‌ಗಳು ಒಂದು ಗಂಜಿ ಕೇಂದ್ರಕ್ಕೆ ಹೋಗಿದ್ದೆವು. ಅದೂ ಒಂದು ಶಾಲೆ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದ್ದರು. ಬೋರ್ಡ್ ಮೇಲೆ ಹಿಂದಿನ ವಾರದ ಪಾಠ ಹಾಗೇ ಇತ್ತು. ನನಗೆ ಕೊಟ್ಟ ಕೆಲಸ ರಿಜಿಸ್ಟರ್ ಬರೆಯುವುದು. ಹೆಸರು, ಊರು, ಜೊತೆಗೆ ಎಷ್ಟು ಜನ. ನನ್ನ ದಡ್ಡತನಕ್ಕೆ ಮೊದಲ ದಿನವೇ ಒಂದು ತಪ್ಪು ಮಾಡಿದೆ. ಒಂದು ಮನೆಯವರನ್ನು ಎರಡು ಸಲ ಬರೆದೆ, ಇನ್ನೊಂದು ಮನೆಯ ಅಜ್ಜಿಯನ್ನು ಬಿಟ್ಟೇಬಿಟ್ಟೆ. ರಾತ್ರಿ ಹೊದಿಕೆ ಹಂಚುವಾಗ ಆ ಅಜ್ಜಿಗೆ ಹೊದಿಕೆ ಇರಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ. ಸುಮ್ನೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಶಾಲನ್ನು ಕೊಟ್ಟೆ. ಆದರೆ ಆ ದಿನ ತಿಳಿಯಿತು: ಇಂಥ ಹೊತ್ತಿನಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮನುಷ್ಯರೇ ಇಲ್ಲದ ಹಾಗೆ. ಮಿನ್ನಿ ಬಗ್ಗೆ ಓದಲು ಶುರು ಮಾಡಿದ್ದು ಅದಾದ ಮೇಲೆ.

ಜಿನ್‌ಲಿಂಗ್‌ನಲ್ಲಿ ಅವರು ಹಾಕಿದ್ದ ಲೆಕ್ಕ 2,750 ಜನರದ್ದು. ಕೋಣೆ ಕೋಣೆಗೆ ಇಷ್ಟು ಅಂತ ಅಳೆದು ಇಟ್ಟಿದ್ದರು. ಬಂದದ್ದು ಸುಮಾರು 10,000. ಕೋಣೆ ತುಂಬಿತು, ವರಾಂಡ ತುಂಬಿತು, ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ದಾರಿ ತುಂಬಿತು, ಅಟ್ಟ ತುಂಬಿತು. ಮುಖಕ್ಕೆ ಮಸಿ ಬಳಿದುಕೊಂಡು ಬಂದ ಹುಡುಗಿಯರಿದ್ದರು. ಕೂದಲು ಕತ್ತರಿಸಿಕೊಂಡು ಗಂಡಸರ ಬಟ್ಟೆಯಲ್ಲಿ ಬಂದವರಿದ್ದರು. ಜಾಗ ಸಾಲದೆ, ವಯಸ್ಸಾದ ಹೆಂಗಸರಿಗೆ ನೀವು ಮನೆಯಲ್ಲೇ ಇರಿ, ಹುಡುಗಿಯರನ್ನು ಬಿಟ್ಟು ಹೋಗಿ ಅಂತ ಕೇಳಿಕೊಳ್ಳಬೇಕಾಯಿತು. ಹೊರಗೆ ಹುಲ್ಲಿನ ಮೇಲೆ ಕೂರಲಿಕ್ಕಾದರೂ ಬಿಡಿ ಅಂತ ಬೇಡಿಕೊಂಡವರ ಬಗ್ಗೆ ಅವರು ದಿನಚರಿಯಲ್ಲಿ ಬರೆದಿದ್ದಾರೆ. ಡಿಸೆಂಬರ್ ಚಳಿ ಅದು.

ಹೊರಗೆ ಏನಾಗುತ್ತಿತ್ತು ಅನ್ನುವುದನ್ನು ಮಕ್ಕಳು ಕೂತಿರುವುದರಿಂದ ವಿವರವಾಗಿ ಹೇಳುವುದಿಲ್ಲ. ಡಿಸೆಂಬರ್ 13ರಂದು ಊರು ಬಿತ್ತು. ಆಮೇಲೆ ಆರೇಳು ವಾರ ಕೊಲೆ, ಅತ್ಯಾಚಾರ, ಬೆಂಕಿ. ಸತ್ತವರು 2 ಲಕ್ಷಕ್ಕೂ ಹೆಚ್ಚು ಎಂದು ಯುದ್ಧದ ನಂತರ ಟೋಕಿಯೊ ನ್ಯಾಯಮಂಡಳಿ ಹೇಳಿತು. ಚೀನಾದವರು ಹೇಳುವ ಸಂಖ್ಯೆ 3 ಲಕ್ಷ.

ಇಷ್ಟರ ನಡುವೆ 51 ವರ್ಷದ ಮಿನ್ನಿಯ ಕೆಲಸ ಏನು? ಓಡುವುದು. ಕಾಲೇಜಿಗೆ ಗೇಟು ಒಂದಲ್ಲ. ಮುಂದಿನ ಗೇಟಿಗೆ ಸೈನಿಕರು ಬಂದರು ಅಂತ ಓಡುವುದು. ಅಷ್ಟರಲ್ಲಿ ಪಕ್ಕದ ಗೋಡೆ ಹಾರಿದರು ಅಂತ ಅಲ್ಲಿಗೆ ಓಡುವುದು. ಊಟಕ್ಕೆ ಕೂತರೆ ಯಾರೋ ಕೂಗುತ್ತಾ ಬರುತ್ತಾರೆ, ಎದ್ದು ಓಡುವುದು. ಕೈಯಲ್ಲಿ ಬಂದೂಕಿಲ್ಲ. ಇದು ಅಮೆರಿಕದ ಕಾಲೇಜು, ಆಚೆ ಹೋಗಿ ಅನ್ನುವ ಮಾತು ಮಾತ್ರ. ಗಲಾಟೆ ಮಾಡುವ ಹತ್ತನೇ ಕ್ಲಾಸಿನ ಮುಂದೆ ನಿಂತ ಟೀಚರ ದನಿ ಇರುತ್ತದಲ್ಲ, ಅದೇ. ಎಷ್ಟೋ ಸಲ ಕೆಲಸ ಮಾಡಿತು. ಕೆಲವು ಸಲ ಮಾಡಲಿಲ್ಲ.

ಡಿಸೆಂಬರ್ 17ರ ರಾತ್ರಿ ಮಾಡಲಿಲ್ಲ. ಸೈನಿಕರು ಬಂದು ಕಟ್ಟಡದ ಬಾಗಿಲು ತೆರೆಯಿರಿ ಅಂದರು. ಕೀ ಇಲ್ಲ ಅಂದದ್ದಕ್ಕೆ ಮಿನ್ನಿಯ ಕೆನ್ನೆಗೆ ಹೊಡೆದರು. ಕಾಲೇಜಿನ ಕೆಲಸದವರನ್ನೆಲ್ಲ ಮುಂದಿನ ಗೇಟಿನ ಬಳಿ ಮಂಡಿಯೂರಿಸಿದರು. ಹುಡುಕಾಟ ನಡೆಯುತ್ತಿದೆ ಎಂದು ಇವರು ಅಂದುಕೊಂಡರು. ಅದು ನಾಟಕ. ಇವರನ್ನು ಮುಂದೆ ಹಿಡಿದಿಟ್ಟುಕೊಂಡು, ಇನ್ನೊಂದು ಗುಂಪು ಪಕ್ಕದ ಗೇಟಿನಿಂದ 12 ಹೆಂಗಸರನ್ನು ಎಳೆದುಕೊಂಡು ಹೋಯಿತು. ಮಾರನೇ ದಿನ ಮಿನ್ನಿ ನೇರ ಜಪಾನಿ ರಾಯಭಾರ ಕಚೇರಿಗೆ ನಡೆದರು. ದೂರು ಕೊಟ್ಟರು, ಪತ್ರ ಬರೆಸಿಕೊಂಡು ಬಂದರು.

ಈಗ ಹೇಳುವುದು ಕಷ್ಟದ ವಿಷಯ. ಸಂತರ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ.

ಡಿಸೆಂಬರ್ 24, ಕ್ರಿಸ್ಮಸ್ ಹಿಂದಿನ ದಿನ. ಜಪಾನಿ ಸೇನೆಯ ಅಧಿಕಾರಿಯೊಬ್ಬ ಬಂದ. ಈ 10,000 ಜನರಲ್ಲಿ ವೇಶ್ಯೆಯರೂ ಇರುತ್ತಾರೆ, ಅವರಲ್ಲಿ 100 ಜನರನ್ನು ಆರಿಸಿಕೊಳ್ಳಲು ಬಿಡಿ ಅಂದ. ಸೈನಿಕರಿಗೆ ಅಂತ ಒಂದು ಜಾಗ ಮಾಡಿದರೆ ಅವರು ಬೇರೆ ಹೆಂಗಸರ ತಂಟೆಗೆ ಬರುವುದಿಲ್ಲ ಅನ್ನುವುದು ಅವರ ಮಾತು. ಬೇರೆ ಯಾರನ್ನೂ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಮಿನ್ನಿ ಒಪ್ಪಿದರು. ತುಂಬ ಹೊತ್ತು ಹುಡುಕಿದರು. 21 ಜನ ಸಿಕ್ಕರು. ಕರೆದುಕೊಂಡು ಹೋದರು.

ಆಮೇಲೆ ನಡೆದದ್ದು ಅವರ ದಿನಚರಿಯಲ್ಲೇ ಇದೆ. ಹುಡುಗಿಯರು ಗುಂಪು ಗುಂಪಾಗಿ ಬಂದು ಕೇಳಿದರು: ಉಳಿದ 79 ಜನರನ್ನು ನಮ್ಮೊಳಗಿಂದ ಆರಿಸುತ್ತಾರಾ? ತಡೆಯುವುದು ನನ್ನ ಕೈಲಿದ್ದರೆ ಹಾಗಾಗಲು ಬಿಡುವುದಿಲ್ಲ ಅಂತಷ್ಟೇ ಅವರಿಗೆ ಹೇಳಲು ಸಾಧ್ಯವಾಯಿತು.

100ರಲ್ಲಿ 21 ಕಳೆದರೆ 79. ಎರಡನೇ ಕ್ಲಾಸಿನ ಮಕ್ಕಳು ಮಾಡುವ ಲೆಕ್ಕ. ಆ ಹುಡುಗಿಯರೂ ಮಾಡಿದರು.

ಮಿನ್ನಿ ಮಾಡಿದ್ದು ಸರಿಯಾ? ನನ್ನನ್ನು ಕೇಳಿದರೆ, ಸರಿ ಅಂತ ಹೇಳಲಾರೆ. ಆ 21 ಜನರಿಗೂ ಅವರ ತಾಯಿ ಇಟ್ಟ ಹೆಸರಿತ್ತು. ಅವರೂ ಅದೇ ಗೇಟಿನೊಳಗೆ ಆಸರೆ ಕೇಳಿಕೊಂಡು ಬಂದವರು. "ಮರ್ಯಾದಸ್ಥರು" ಮತ್ತು "ಅಲ್ಲದವರು" ಅಂತ ಹೆಂಗಸರನ್ನು ಎರಡು ಪಟ್ಟಿ ಮಾಡುವ ಆ ಕಾಲದ ಬುದ್ಧಿ ಮಿನ್ನಿಯಲ್ಲೂ ಇತ್ತು. ನಮ್ಮ ಸಭೆಗಳಲ್ಲಿ ಇವತ್ತಿಗೂ ಇಲ್ಲವಾ? ಹಾಗಂತ, ಬಂದೂಕು ಹಿಡಿದವರ ಮುಂದೆ 10,000 ಜನರ ಹೊಣೆ ಹೊತ್ತು ನಿಂತವರಿಗೆ ಇಲ್ಲಿ ಫ್ಯಾನಿನ ಕೆಳಗೆ ಕೂತು ಮಾರ್ಕ್ಸ್ ಹಾಕುವ ಧೈರ್ಯವೂ ನನಗಿಲ್ಲ.

ಅದೇ ಸಂಜೆ ಬೆಳಕು ಹೊರಗೆ ಕಾಣದ ಹಾಗೆ ಕಿಟಕಿಗೆ ದಪ್ಪ ಪರದೆ ಕಟ್ಟಿದ ಕೋಣೆಯಲ್ಲಿ ಕ್ರಿಸ್ಮಸ್ ಪ್ರಾರ್ಥನೆ ಮಾಡಿದರು. ಆ ಪ್ರಾರ್ಥನೆಯಲ್ಲಿ ಮಿನ್ನಿಯ ಮನಸ್ಸು ಎಲ್ಲಿತ್ತೋ.

ಜನವರಿಯಲ್ಲಿ ಇನ್ನೊಂದು ಕೆಲಸ ಬಂತು. ಗಂಡ, ಮಗ ಕಾಣೆಯಾದ ಹೆಂಗಸರು ಬಂದು ಅಳುತ್ತಿದ್ದರು. ಸೈನಿಕರು ಹಿಡಿದುಕೊಂಡು ಹೋದವರು ಎಲ್ಲಿದ್ದಾರೆ? ಮಿನ್ನಿ ಟೀಚರ್ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹೆಸರು ಬರೆಸಿದರು. ನೂರಾರು ಹೆಂಗಸರ ಮನವಿ ಸಿದ್ಧವಾಯಿತು. ಓದು ಬಾರದವರು ಹೆಬ್ಬೆಟ್ಟು ಒತ್ತಿದರು. ಅದನ್ನು ಹಿಡಿದುಕೊಂಡು ಕಚೇರಿ ಕಚೇರಿ ಅಲೆದರು. ವಾಪಸ್ ಬಂದವರು ತೀರಾ ಕಡಿಮೆ. ಹೆಚ್ಚಿನವರನ್ನು ಡಿಸೆಂಬರಿನಲ್ಲೇ ಕೊಂದಾಗಿತ್ತು.

ಜಪಾನಿಯರ ಮೇಲೆ ಅವರಿಗೆ ಸಿಟ್ಟಿರಲಿಲ್ಲವಾ? ಇತ್ತು. ಶಕ್ತಿ ಇದ್ದಿದ್ದರೆ ಅವರನ್ನು ಹೊಡೆದು ಉರುಳಿಸುತ್ತಿದ್ದೆ ಅಂತ ದಿನಚರಿಯಲ್ಲಿ ಬರೆದುಕೊಂಡರು. ಆದರೆ ಅಲ್ಲೇ, ಈ ವಿಷಯ ತಿಳಿದರೆ ಜಪಾನಿನ ಹೆಂಗಸರು ಎಷ್ಟು ನಾಚಿಕೊಂಡಾರು ಅಂತಲೂ ಬರೆದರು. ಕೆನ್ನೆಗೆ ಪೆಟ್ಟು ತಿಂದ ಎರಡು ದಿನಕ್ಕೆ ಬರೆದ ಮಾತು ಇದು. ಶತ್ರುವಿನ ಮನೆಯಲ್ಲೂ ಒಬ್ಬ ತಾಯಿ ಇದ್ದಾಳೆ ಅಂತ ಆಗಲೂ ನೆನಪಾಯಿತಲ್ಲ. ನಂಬಿಕೆ ಅಂದರೆ ಏನು ಅಂತ ನನ್ನನ್ನು ಸಂಡೇ ಸ್ಕೂಲ್ ಮಕ್ಕಳು ಕೇಳಿದಾಗ ನಾನು ಈ ಪುಟ ಓದಿ ಹೇಳುತ್ತೇನೆ.

ಆಸರೆ ಪಡೆದ ಹೆಂಗಸರು ಅವರನ್ನು ಗುವಾನ್‌ಯಿನ್ ಅಂತ ಕರೆದರು. ಬೌದ್ಧರ ಕರುಣೆಯ ದೇವತೆ ಅದು. ಯಾರು ಆ ದೇವತೆ ಗೊತ್ತಾ? ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ಹಳೆಯ ಕಂಚಿನ ಮೂರ್ತಿ ಇದೆಯಲ್ಲ, 10ನೇ ಶತಮಾನದ್ದು, ಆ ಅವಲೋಕಿತೇಶ್ವರನೇ. ನಮ್ಮ ಕಡೆಯಿಂದ ಚೀನಾಕ್ಕೆ ಹೋಗಿ, ಕಾಲ ಕಳೆದಂತೆ ಹೆಣ್ಣಿನ ರೂಪ ತಾಳಿದ. ಕ್ರಿಸ್ತನ ಹೆಸರು ಹೇಳಲು ಹೋದ ಹೆಂಗಸಿಗೆ ಜನ ಕೊಟ್ಟದ್ದು ಬೌದ್ಧ ದೇವತೆಯ ಹೆಸರು. ಕೆಲವು ಮಿಷನರಿಗಳಿಗೆ ಇದು ಮುಜುಗರ ಆಗಿರಬಹುದು. ನನಗಂತೂ ಖುಷಿ.

ಆದರೆ ದೇವತೆ ಅಂದುಬಿಟ್ಟರೆ ಒಂದು ತೊಂದರೆ ಇದೆ. ದೇವತೆಗೆ ಸುಸ್ತಾಗುವುದಿಲ್ಲ ಅಂತ ಅಂದುಕೊಳ್ಳುತ್ತೇವೆ.

1938ರ ಮೇ ತಿಂಗಳ ಕೊನೆಗೆ ಶಿಬಿರ ಮುಚ್ಚಿತು. ಮಿನ್ನಿ ನಿಲ್ಲಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ನೇಯ್ಗೆ, ಹೊಲಿಗೆ ಕಲಿಸುವ ಶಾಲೆ ಶುರು ಮಾಡಿದರು. ಊರಿನಲ್ಲಿ ಉಳಿದ ಹುಡುಗಿಯರಿಗೆ ಮಿಡ್ಲ್ ಸ್ಕೂಲ್ ತೆರೆದರು. ಗಂಜಿ ಕೊಟ್ಟು ಕಳಿಸಿದರೆ ನಾಳೆ ಏನು ಅನ್ನುವ ಯೋಚನೆ. ಚೀನಾ ಸರ್ಕಾರ ಗುಟ್ಟಾಗಿ ಒಂದು ಪದಕ ಕೊಟ್ಟಿತು. ಊರಿಗೆ ಹೋಗಿ ಸ್ವಲ್ಪ ದಿನ ಮಲಗಿ ಬನ್ನಿ ಅಂತ ಹೇಳಿದವರ ಮಾತು ಕೇಳಲಿಲ್ಲ. 1940ರ ಏಪ್ರಿಲ್ 14ರಂದು ದಿನಚರಿಯಲ್ಲಿ, ನನ್ನ ಶಕ್ತಿ ಮುಗಿಯುತ್ತಾ ಬಂದಿದೆ, ಇನ್ನು ಮುಂದಕ್ಕೆ ಯೋಜನೆ ಹಾಕಲಾರೆ ಅಂತ ಬರೆದರು. ಮೇ 14ರಂದು ಅವರನ್ನು ನಾನ್‌ಜಿಂಗ್‌ನಿಂದ ಕರೆದೊಯ್ದರು. ತೀವ್ರ ಖಿನ್ನತೆ. ಅಮೆರಿಕದಲ್ಲಿ ಚಿಕಿತ್ಸೆ ನಡೆಯಿತು. ಒಂದು ವರ್ಷ ಕಳೆದು ಅದೇ ಮೇ 14ರಂದು, 1941ರಲ್ಲಿ, ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. 54 ವರ್ಷ.

ಈ ಮಾತು ಹೇಳಿದ ಕೂಡಲೇ ಹಾಲ್ ನಿಶ್ಶಬ್ದವಾಯಿತು, ನನಗೆ ಕಾಣಿಸುತ್ತಿದೆ. ನಂಬಿಕೆ ಕಡಿಮೆಯಾಯಿತು ಅಂತ ಯಾರಾದರೂ ಮನಸ್ಸಿನಲ್ಲಿ ಅಂದುಕೊಂಡಿದ್ದರೆ, ದಯವಿಟ್ಟು ಅದನ್ನು ಬಿಡಿ. ಮಲೇರಿಯಾ ಬಂದವರಿಗೆ ನಿಮ್ಮ ನಂಬಿಕೆ ಕಡಿಮೆ ಅನ್ನುತ್ತೇವಾ? ಇದೂ ಕಾಯಿಲೆ. ನಿಮ್ಮ ಸ್ಟಾಫ್ ರೂಮಿನಲ್ಲಿ ಸದಾ ಎಲ್ಲರಿಗೂ ಓಡಾಡುವ ಒಬ್ಬರು ಇರುತ್ತಾರಲ್ಲ, ಅವರು ಸುಮ್ಮನಾದರೆ ಹತ್ತಿರ ಹೋಗಿ ಕೂತು ಮಾತಾಡಿಸಿ. ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ತಾನು ಸೋತೆ ಅನ್ನುವ ಭಾವ ಅವರನ್ನು ಕೊನೆಗೆ ಹಿಡಿದುಬಿಟ್ಟಿತ್ತು. ಲೆಕ್ಕದ ಟೀಚರಿಗೆ ಈ ಲೆಕ್ಕ ಹೇಗೆ ತಪ್ಪಿತು ಅಂತ ನಾನು ತುಂಬ ಯೋಚಿಸಿದ್ದೇನೆ. 10,000 ಜನ ಹಾಜರಿದ್ದರು. ಅವರ ಕಿವಿ ಉತ್ತರ ಬರದ ಆ 12 ಹೆಸರುಗಳ ಕಡೆ, ಆ 21 ಹೆಸರುಗಳ ಕಡೆಯೇ ಇದ್ದಿರಬೇಕು.

ಮಿಷಿಗನ್ ರಾಜ್ಯದ ಶೆಪರ್ಡ್ ಅನ್ನುವ ಊರಿನಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಚೀನೀ ಶೈಲಿಯ ಒಂದು ಕಟ್ಟಡ ಕೆತ್ತಿದ್ದಾರೆ. "ಜಿನ್‌ಲಿಂಗ್ ಚಿರಂಜೀವಿ" ಅನ್ನುವ ಅರ್ಥದ ನಾಲ್ಕು ಚೀನೀ ಅಕ್ಷರಗಳಿವೆ. ಜೊತೆಗೆ, ಚೀನಾಕ್ಕೆ ಮಿಷನರಿ, 28 ವರ್ಷ ಅಂತ.

ಭಾಷಣ ಅಲ್ಲಿಗೆ ಮುಗಿದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಮೇಡಂ, ಅಲ್ಲಿ ಅವರೊಬ್ಬರೇ ಇದ್ದರಾ?" ಅಂತ ಕೇಳಿದಳು. ನನಗೆ ನಾಚಿಕೆಯಾಯಿತು. ಅರ್ಧ ಗಂಟೆ ಮಾತಾಡಿ ಆ ಹೆಸರನ್ನೇ ಬಿಟ್ಟಿದ್ದೆ, ಗಂಜಿ ಕೇಂದ್ರದ ಅಜ್ಜಿಯನ್ನು ಬಿಟ್ಟ ಹಾಗೆ.

ಒಬ್ಬರೇ ಇರಲಿಲ್ಲ. ಚೆಂಗ್ ರುಯಿಫಾಂಗ್ ಇದ್ದರು. ಕಾಲೇಜಿನ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವರು, ನರ್ಸ್ ತರಬೇತಿ ಆದವರು, 60 ದಾಟಿದ ಚೀನೀ ಹೆಂಗಸು. ಗಂಜಿ, ನೀರು, ಕಕ್ಕಸು, ಬಾಣಂತನ, ಎಲ್ಲಕ್ಕೂ ಅವರೇ. ಅಮೆರಿಕದ ಪಾಸ್‌ಪೋರ್ಟ್ ಇರಲಿಲ್ಲ, ಅಂದರೆ ಮಿನ್ನಿಗಿಂತ ಅವರಿಗೆ ಅಪಾಯ ಜಾಸ್ತಿ. ಅವರೂ ರಾತ್ರಿ ಕೂತು ದಿನಚರಿ ಬರೆಯುತ್ತಿದ್ದರು, ಚೀನೀ ಭಾಷೆಯಲ್ಲಿ. 1946ರಲ್ಲಿ ಟೋಕಿಯೊ ನ್ಯಾಯಮಂಡಳಿಗೆ ಲಿಖಿತ ಸಾಕ್ಷ್ಯ ಕೊಟ್ಟರು. ಅವರ ದಿನಚರಿ ನಾನ್‌ಜಿಂಗ್‌ನ ದಾಖಲೆ ಕಚೇರಿಯೊಂದರಲ್ಲಿ ಯಾರೂ ನೋಡದೆ ಬಿದ್ದಿತ್ತು. 2001ರಲ್ಲಿ ಸಿಕ್ಕಿತು. 2015ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ನಾನ್‌ಜಿಂಗ್ ದಾಖಲೆಗಳನ್ನು ಸೇರಿಸಿದಾಗ, ಅವುಗಳಲ್ಲಿ ಈ ದಿನಚರಿಯೂ ಇತ್ತು.

ಹುಡುಗಿ ಆ ಹೆಸರನ್ನು ಇನ್ನೊಂದು ಸಲ ಹೇಳಿ ಅಂದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.